ಗಾಂಜಾ ಸುಟ್ಟರೂ ಬಜ್ಜಿ ಖರ್ಚಾಗಲಿಲ್ಲ

ರಿಪ್ಪನ್‌ಪೇಟೆಯಿಂದ ಸ್ವಲ್ಪ ಆಚೆ, ರಸ್ತೆ ಪಕ್ಕದಲ್ಲಿ ನನ್ನದೊಂದು ಇಟ್ಟಿಗೆ ಭಟ್ಟಿ ಇತ್ತು. ಈಗ ಆ ಜಾಗದಲ್ಲಿ ಕಾರು ತೊಳೆಯುತ್ತಾರೆ. ಸಿಮೆಂಟ್ ಬ್ಲಾಕ್ ಬಂದ ಮೇಲೆ ಸುಟ್ಟ ಇಟ್ಟಿಗೆಯನ್ನು ಕೇಳುವವರಿಲ್ಲದೆ ಭಟ್ಟಿ ಮುಚ್ಚಿದೆ. ಮುಚ್ಚುವುದಕ್ಕೆ ಮೊದಲು ಅದು ಒಮ್ಮೆ ಪೇಪರಿನಲ್ಲಿ ಬಂದಿತ್ತು. ಸರ್ಕಾರದವರು ಹಿಡಿದು ತಂದ ಗಾಂಜಾವನ್ನು ಅದರಲ್ಲೇ ಸುಟ್ಟಿದ್ದರು. ಯಾವ ಇಲಾಖೆಯವರು ಎಂದು ಬರೆಯುವುದಿಲ್ಲ. ನಾನು ಹೈಸ್ಕೂಲು ಮುಗಿಸಿದವನು, ಕೋರ್ಟು ಕಚೇರಿ ಸುತ್ತುವಷ್ಟು ಓದಿಲ್ಲ.

ಇಲಾಖೆಯ ಸಾಹೇಬರೇ ಜೀಪಿನಲ್ಲಿ ಬಂದು ಕೇಳಿದ್ದರು. ಹಿಡಿದ ಮಾಲನ್ನು ಜನರ ಎದುರು ನಾಶ ಮಾಡಬೇಕಂತೆ, ಅದಕ್ಕೆ ದೊಡ್ಡ ಬೆಂಕಿ ಬೇಕಂತೆ. ನನಗೆ ಹೆಮ್ಮೆಯಾಯಿತು. ಆ ದಿನ ಬೆಳಿಗ್ಗೆ ಜರಿ ಅಂಚಿನ ಪಂಚೆ ಉಟ್ಟು ಹೊರಟವನನ್ನು ನೋಡಿ ಹೆಂಡತಿ ಬಾಗಿಲಲ್ಲೇ ತಡೆದಳು.

‘ಗಾಂಜಾ ಸುಡಕ್ಕೆ ಹೊರಟಿದ್ದೀರಾ, ಧಾರೆ ಎರೆಸ್ಕಳಕ್ಕೆ ಹೊರಟಿದ್ದೀರಾ?’

‘ಪೇಪರ್‌ನೋರು ಬರ್ತಾರೆ ಮಾರಾಯ್ತಿ.’

‘ಹಂಗಾದ್ರೆ ತಲೆಗೂ ಸ್ವಲ್ಪ ಎಣ್ಣೆ ಹಚ್ಕಳಿ. ಇರೋ ನಾಲ್ಕು ಕೂದ್ಲಾದ್ರೂ ಕಾಣ್ಲಿ.’

ಸುದ್ದಿ ಊರೆಲ್ಲ ಹಬ್ಬಿತ್ತು. ತಾಯಂದಿರು ಮಕ್ಕಳನ್ನು ಒಳಗೆ ಕೂಡಿ ಕಿಟಕಿ ಮುಚ್ಚಿದರು. ಗಂಡಸರು ಮಾತ್ರ ಭಟ್ಟಿಯ ಹೊಗೆ ಯಾವ ಕಡೆಗೆ ಹೋಗುತ್ತದೆ ಎಂದು ನೋಡಿ, ಆ ಕಡೆಗೇ ಕುರ್ಚಿ, ಬೆಂಚು, ಖಾಲಿ ಡಬ್ಬ ಹಾಕಿಕೊಂಡು ಕುಳಿತರು. ಪುಕ್ಕಟೆ ಸಿಗುವುದನ್ನು ಬಿಡುವುದು ಹೇಗೆ? ರಸ್ತೆಯ ಆಚೆಗಿದ್ದ ಹೋಟೆಲಿನವನು ಇನ್ನೂ ಬುದ್ಧಿವಂತ. ಗಾಂಜಾದ ಹೊಗೆ ಕುಡಿದವರಿಗೆ ವಿಪರೀತ ಹಸಿವಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ದಿನಕ್ಕಿಂತ ಎರಡು ಪಾಲು ಈರುಳ್ಳಿ ಬಜ್ಜಿ ಕರಿದು ರಾಶಿ ಹಾಕಿದ್ದ.

ಅರಗಿನ ಮೊಹರು ಹಾಕಿದ ಚೀಲಗಳು ವ್ಯಾನಿನಲ್ಲಿ ಬಂದವು. ಸಾಹೇಬರು ಭಾಷಣ ಮಾಡಿದರು, ಕಾಯಿ ಒಡೆಸಿದರು. ಚೀಲ ಬಿಚ್ಚುವಂತಿಲ್ಲ, ಇದ್ದ ಹಾಗೇ ಬೆಂಕಿಗೆ ಹಾಕಿ ಎಂದರು. ಸಣಕಲು ಮೈಯ ಒಬ್ಬ ಪೇದೆ ಚೀಲಗಳನ್ನು ಇಳಿಸುತ್ತಿದ್ದ. ಮೊದಲನೆಯ ಚೀಲಕ್ಕೆ ಬೆನ್ನು ಕೊಟ್ಟವನು ಯಾಕೋ ನಿಂತ. ಅದನ್ನು ಕೆಳಗಿಟ್ಟು ಒಂದೇ ಕೈಯಲ್ಲಿ ಎತ್ತಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಫೋಟೋದವನ ಕಡೆಗೆ ತಿರುಗಿಕೊಂಡೆ.

ಹೊಗೆ ಎದ್ದಿತು. ಕುಳಿತವರೆಲ್ಲ ಮೂಗು ಅರಳಿಸಿ, ಈಗ ನಗು ಬರುತ್ತದೆ, ಆಗ ಬರುತ್ತದೆ ಎಂದು ಕಾದರು. ಕೊನೆಗೆ ಒಬ್ಬ ದರ್ಜಿ ನಕ್ಕ.

‘ಹತ್ತಿತು, ಇವನಿಗೆ ಹತ್ತಿತು!’ ಎಂದರು ಎಲ್ಲರೂ.

‘ಎಂತದೂ ಹತ್ತಲಿಲ್ಲ ಮಾರಾಯ್ರೆ, ನಿಮ್ಮ ಮುಖ ನೋಡಿ ನಗು ಬಂತು’ ಎಂದ ದರ್ಜಿ.

ಆ ವಾಸನೆ ನನಗೆ ಹೊಸದಲ್ಲ. ನಮ್ಮ ಕಡೆ ರಸ್ತೆಬದಿ, ಬೇಲಿ, ದನ ಮೇಯುವ ಬ್ಯಾಣ ಎಲ್ಲೆಂದರಲ್ಲಿ ಬೆಳೆಯುವ ಕಳೆಯೊಂದಿದೆ. ಕಮ್ಯುನಿಸ್ಟ್ ಗಿಡ ಎನ್ನುತ್ತೇವೆ. ಅದರ ಒಣ ಕಡ್ಡಿಯಿಂದಲೇ ನಾನು ಭಟ್ಟಿಗೆ ಬೆಂಕಿ ಹಚ್ಚುತ್ತಿದ್ದುದು. ಕಣ್ಣು ಮುಚ್ಚಿ ನಿಲ್ಲಿಸಿದರೂ ಅದರ ಘಾಟು ಗುರುತು ಹಿಡಿಯಬಲ್ಲೆ. ಗಾಂಜಾದ ವಾಸನೆಯೂ ಗೊತ್ತಿತ್ತು. ಇಟ್ಟಿಗೆ ಹೊರಲು ಬಂದವರಲ್ಲಿ ಸೇದುವವರು ಇರುತ್ತಿದ್ದರು. ಆ ದಿನ ನನ್ನ ಭಟ್ಟಿಯಿಂದ ಬಂದದ್ದು ಕಮ್ಯುನಿಸ್ಟ್ ಗಿಡದ ಹೊಗೆ, ಬೇರೇನೂ ಅಲ್ಲ.

ಸಂಜೆಯವರೆಗೂ ಯಾರಿಗೂ ಹಸಿವಾಗಲಿಲ್ಲ. ಹೋಟೆಲಿನವನ ಬಜ್ಜಿ ಹಾಗೇ ಉಳಿಯಿತು. ‘ಸರ್ಕಾರದೋರು ನಂಗೆ ಮೋಸ ಮಾಡಿದ್ರು’ ಎಂದು ಅವನು ಬಜ್ಜಿಯನ್ನು ಬಂದವರಿಗೆಲ್ಲ ಹಂಚಿದ. ಮಾರನೆಯ ದಿನ ಪೇಪರಿನಲ್ಲಿ ಫೋಟೋ ಬಂತು. ಸಾಹೇಬರ ಪಕ್ಕದಲ್ಲಿ ನಾನು, ಜರಿ ಪಂಚೆ, ಎಣ್ಣೆ ಹಚ್ಚಿದ ತಲೆ. ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದೆ.

ಕೆಲವು ತಿಂಗಳು ಕಳೆದಿರಬೇಕು. ಹೊರದೇಶಕ್ಕೆ ಹೋಗಬೇಕಾದ ಶುಂಠಿ ಚೀಲಗಳ ನಡುವೆ ಗಾಂಜಾ ಸಿಕ್ಕಿತೆಂದು, ಸಿಕ್ಕಿದ್ದು ದೂರದ ಯಾವುದೋ ಬಂದರಿನಲ್ಲೆಂದು ಟೀವಿಯಲ್ಲಿ ಬಂತು. ಒಂದು ಚೀಲದ ಮೇಲೆ ಅರಗಿನ ಮೊಹರಿನ ಚೂರು ಉಳಿದಿತ್ತಂತೆ. ಮಾಲು ನಮ್ಮ ಕಡೆಯ ಸರ್ಕಾರಿ ಉಗ್ರಾಣದಿಂದಲೇ ಹೋಗಿದೆ, ಅಧಿಕಾರಿಗಳು ಶಾಮೀಲು ಎಂಬ ಆರೋಪ ಎದ್ದಿತು. ಇಲಾಖೆಯವರು ಏನೂ ಗಾಬರಿಯಾಗಲಿಲ್ಲ. ನಮ್ಮ ಮಾಲು ಜನರ ಎದುರು ಸುಟ್ಟಾಗಿದೆ, ಬೇಕಾದರೆ ಫೋಟೋ ನೋಡಿ ಎಂದರು. ನನ್ನ ಜಗಲಿಯ ಮೇಲಿದ್ದದ್ದೇ ಆ ಫೋಟೋ.

ಆ ಸಣಕಲು ಪೇದೆ ಮಾತ್ರ ಸುಮ್ಮನಿರಲಿಲ್ಲ. ಉಗ್ರಾಣದಲ್ಲಿ ಇಡುವಾಗ ಬೆನ್ನು ಬಗ್ಗಿಸಿದ ಚೀಲಗಳು ಹೊರಗೆ ಬರುವಾಗ ಹತ್ತಿಯ ಹಾಗೆ ಹಗುರಾಗಿದ್ದವು, ಸುಟ್ಟದ್ದು ಗಾಂಜಾ ಅಲ್ಲ ಎಂದು ಮೇಲಿನವರಿಗೆ ದೂರು ಕೊಟ್ಟ. ವಿಚಾರಣೆಗೆ ಒಬ್ಬರು ಬಂದರು. ಭಟ್ಟಿಯ ಯಜಮಾನ ಏನು ಹೇಳುತ್ತಾನೋ ಅದೇ ಮುಖ್ಯ ಎಂದಾಯಿತು.

ವಿಚಾರಣೆಯ ಹಿಂದಿನ ದಿನ ಸಾಹೇಬರು ಭಟ್ಟಿಗೆ ಬಂದರು. ಚಹಾ ಕುಡಿದರು. ನನ್ನ ಮಣ್ಣಿನ ಗುಡ್ಡೆಯನ್ನು ಒಂದು ಸುತ್ತು ಹಾಕಿ, ‘ಕೆರೆ ಮಣ್ಣಾ? ಚೆನ್ನಾಗಿದೆ’ ಎಂದರು. ಅಷ್ಟೇ. ಕೆರೆಯಿಂದ ಮಣ್ಣು ತೆಗೆಯಲು ನನ್ನ ಬಳಿ ಪರವಾನಗಿ ಇರಲಿಲ್ಲ.

ವಿಚಾರಣೆ ನಡೆದದ್ದು ಪ್ರವಾಸಿ ಮಂದಿರದಲ್ಲಿ. ಹೊರಗಿನ ಬೆಂಚಿನ ಮೇಲೆ ಆ ಪೇದೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದ. ನಾನು ಒಳಗೆ ಹೋಗಿ, ‘ಗಾಂಜಾನೇ ಸಾರ್, ಅನುಮಾನವೇ ಇಲ್ಲ’ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಮಾತಿಗೆ ಒಗ್ಗರಣೆ ಹಾಕುವ ಚಟ ನನ್ನದು. ‘ಎರಡು ದಿನ ನನಗೆ ತಲೆ ತಿರುಗ್ತಿತ್ತು ಸಾರ್, ಊಟ ಸೇರ್ಲಿಲ್ಲ’ ಎಂದೂ ಸೇರಿಸಿದೆ. ಇಲಾಖೆಯ ಹೆಸರು ಕೆಡಿಸಲು ಸುಳ್ಳು ದೂರು ಕೊಟ್ಟನೆಂದು ಪೇದೆಯನ್ನು ಕೆಲಸದಿಂದ ತೆಗೆದರು. ನನ್ನ ತಲೆ ತಿರುಗಿದ್ದನ್ನೂ ಊಟ ಸೇರದಿದ್ದುದನ್ನೂ ಆ ಆದೇಶದಲ್ಲಿ ಬರೆದಿದ್ದರಂತೆ.

ಹೆಂಡತಿಗೆ ಹೇಳಿದಾಗ ಅವಳು, ‘ಆವತ್ತು ನೀವು ಎರಡು ಸಲ ಅನ್ನ ಹಾಕಿಸ್ಕಂಡ್ರಿ’ ಎಂದಳು. ಜಗಲಿಯ ಫೋಟೋ ಯಾವಾಗಲೋ ಅಟ್ಟ ಸೇರಿತ್ತು.

ಈಚೆಗೆ ಒಂದು ದಿನ ಅದೇ ಹೋಟೆಲಿನಲ್ಲಿ ಕುಳಿತಿದ್ದೆವು. ಟೀವಿಯಲ್ಲಿ ಮತ್ತೊಂದು ಮಾದಕ ವಸ್ತುವಿನ ಸುದ್ದಿ, ಮತ್ತೆ ದೊಡ್ಡವರ ಹೆಸರು. ನಾನು ಎಲ್ಲರಿಗಿಂತ ಜೋರಾಗಿ, ‘ದೊಡ್ಡೋರೇ ಶಾಮೀಲಾದ್ರೆ ದೇಶ ಉಳಿಯದು ಹೆಂಗೆ? ನಾಚ್ಕೆ ಆಗಬೇಕು’ ಎಂದೆ.

ಹೋಟೆಲಿನವನು ಬಜ್ಜಿ ತೆಗೆಯುತ್ತಿದ್ದವನು ಜಾಲರಿಯನ್ನು ನನ್ನ ಕಡೆ ತೋರಿಸಿ, ‘ಯಜಮಾನ್ರೆ, ನನ್ನ ಆವತ್ತಿನ ಬಜ್ಜಿ ಲೆಕ್ಕ ಯಾರು ಕೊಡ್ತಾರೆ? ನೀವಾ, ಸಾಹೇಬ್ರಾ?’ ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಟ್ಟದ್ದು ಗಾಂಜಾ ಅಲ್ಲ ಎಂದು ಊರಿಗೆಲ್ಲ ಗೊತ್ತಿತ್ತು, ಆ ವಿಚಾರಣೆಯ ಕೋಣೆಯಲ್ಲಿ ನಾನೊಬ್ಬ ಗೊತ್ತಿಲ್ಲದವನ ಹಾಗೆ ಮಾತಾಡಿ ಬಂದಿದ್ದೆ.

ಮಾರನೆಯ ಬೆಳಿಗ್ಗೆ ಆ ಪೇದೆಯನ್ನು ಹುಡುಕಿಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದೆ. ಭಟ್ಟಿ ಇದ್ದಾಗ ಈ ಧೈರ್ಯ ಬರಲಿಲ್ಲ. ಈಗ ಕಸಿದುಕೊಳ್ಳಲು ನನ್ನಲ್ಲಿ ಮಣ್ಣೂ ಇಲ್ಲ. ಇದನ್ನೂ ಬರೆಯಬೇಕು.

ಆ ಪೇದೆ ತೀರ್ಥಹಳ್ಳಿಯ ಹೊರಗೆ ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿಗಳ ನರ್ಸರಿ ಇಟ್ಟುಕೊಂಡಿದ್ದ. ಸಣಕಲು ಮೈ ಹೋಗಿ ಸಣ್ಣ ಹೊಟ್ಟೆ ಬಂದಿತ್ತು. ಸಸಿಗೆ ನೀರು ಬಿಡುತ್ತಿದ್ದವನು ನನ್ನ ಗುರುತು ಹಿಡಿದ.

‘ಎಂತ ಬೇಕಿತ್ತು ಯಜಮಾನ್ರೆ? ಕಮ್ಯುನಿಸ್ಟ್ ಗಿಡ ಒಂದು ಬಿಟ್ಟು ಬಾಕಿ ಎಲ್ಲ ಇದೆ.’

‘ನಾನು ಸುಳ್ಳು ಹೇಳಿದ್ದೆ ತಮ್ಮ’ ಎಂದೆ.

‘ಅದು ನಂಗೆ ಗೊತ್ತಲ್ಲ.’

‘ತಲೆನೂ ತಿರುಗಿರಲಿಲ್ಲ.’

ಅವನು ನೀರಿನ ಪೈಪು ಕೆಳಗೆ ಹಾಕಿ ನಕ್ಕುಬಿಟ್ಟ. ಬೈಯಬೇಕೆಂದು ಇಷ್ಟು ವರ್ಷ ಮಾತು ಕೂಡಿಸಿ ಇಟ್ಟಿದ್ದನಂತೆ, ನನ್ನ ಮುಖ ನೋಡಿದ ಮೇಲೆ ಒಂದೂ ನೆನಪಾಗಲಿಲ್ಲವಂತೆ. ಒಳಗಿನಿಂದ ಹೆಂಡತಿಯನ್ನು ಕರೆದು ಮಜ್ಜಿಗೆ ತರಿಸಿದ. ವಕೀಲರ ಬಳಿ ಬಂದು ಎಲ್ಲವನ್ನೂ ಬರೆದು ಕೊಡುತ್ತೇನೆ ಎಂದೆ.

‘ಅದು ಆಗ್ಲಿ, ಸಾಗರದಲ್ಲಿ ನಮ್ಮ ವಕೀಲ್ರು ಇದಾರೆ. ಅದಕ್ಕೂ ಮೊದ್ಲು ಇನ್ನೊಂದು ಕೋರ್ಟಿದೆ. ಹೊಸನಗರದಲ್ಲಿ ನನ್ನ ಮಾವ.’

ಅವನ ಮಾವ ಸರ್ಕಾರದ ಕಾಗದ ಎಂದರೆ ದೇವರ ಪ್ರಸಾದ ಎಂದುಕೊಂಡ ಮನುಷ್ಯ. ಅಳಿಯ ಸುಳ್ಳ ಎಂದು ಆದೇಶದಲ್ಲಿ ಬಂದ ದಿನದಿಂದ ಅವನೊಡನೆ ನೇರ ಮಾತು ಬಿಟ್ಟಿದ್ದರು. ಹಬ್ಬಕ್ಕೆ ಹೋದರೂ ಮಗಳ ಕಡೆ ತಿರುಗಿ, ‘ಅವರಿಗೆ ನೀರು ಬೇಕಾ ಕೇಳು’ ಎನ್ನುವುದು. ‘ಕೆಲ್ಸ ಹೋಗಿದ್ದು ಬಿಡಿ, ಈ ಅವರಿಗೆ, ಇವರಿಗೆ ಕೇಳಿ ಕೇಳಿ ಸಾಕಾಗಿದೆ ನಂಗೆ’ ಎಂದಳು ಅವನ ಹೆಂಡತಿ.

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವನು ನನ್ನನ್ನು ಹೊಸನಗರಕ್ಕೆ ಕರೆದೊಯ್ದ. ಅವನ ಹೆಂಡತಿ ಬಸ್ಸಿನಲ್ಲಿ ನಮಗಿಂತ ಮೊದಲೇ ತಲುಪಿದ್ದಳು. ಮಾವ ಅಂಗಳದಲ್ಲೇ ನನ್ನ ಮಾತು ಕೇಳಿದರು. ನನಗಿಂತ ಹಿರಿಯರು, ಕೈಯಲ್ಲಿ ಕತ್ತಿ ಬೇರೆ ಇತ್ತು.

‘ಆರ್ಡರಿನಲ್ಲಿ ನಿಮ್ಮ ಹೇಳಿಕೆ ಇದೆಯಲ್ಲ?’

‘ಇದೆ. ಅದು ಸುಳ್ಳು.’

‘ಆಗ ಸುಳ್ಳು ಹೇಳಿದೋರು ಈಗ ನಿಜ ಹೇಳ್ತೀರಿ ಅಂತ ನಂಬದು ಹೆಂಗೆ?’

ಅವರು ಯೋಚನೆ ಮಾಡಿ, ಕತ್ತಿ ಹಿಡಿದು ಬೇಲಿಯ ಕಡೆ ಹೋದರು. ಒಣಗಿದ ಕಮ್ಯುನಿಸ್ಟ್ ಗಿಡ ಒಂದು ಹೊರೆ ತಂದು ಗೋಣಿಚೀಲಕ್ಕೆ ತುರುಕಿ, ಅಂಗಳದ ಮೂಲೆಯಲ್ಲಿ ಬೆಂಕಿ ಹಚ್ಚಿದರು. ನನ್ನನ್ನು ಹೊಗೆಯ ಬದಿಗೆ ನಿಲ್ಲಿಸಿ, ‘ಈಗ ಹೇಳಿ’ ಎಂದರು.

ಅದೇ ಘಾಟು. ಕಣ್ಣಲ್ಲಿ ನೀರು ಬಂತು. ಹೊಗೆಗೋ ಬೇರೆ ಯಾವುದಕ್ಕೋ, ಆ ಹೊತ್ತಿಗೆ ವಿಚಾರಿಸಲಿಲ್ಲ. ‘ಇದೇ ವಾಸನೆ. ನನ್ನ ಭಟ್ಟೀಲಿ ಸುಟ್ಟಿದ್ದು ಇದನ್ನೇ’ ಎಂದೆ.

ಅವರೂ ಬಂದು ನನ್ನ ಪಕ್ಕದಲ್ಲಿ ಹೊಗೆಯಲ್ಲಿ ನಿಂತರು. ಎಳೆದರು, ಕೆಮ್ಮಿದರು, ಮತ್ತೆ ಎಳೆದರು. ‘ಇದಕ್ಕೆ ಯಾರ ತಲೆ ತಿರುಗ್ತದೆ?’ ಎಂದು ತಮ್ಮಷ್ಟಕ್ಕೆ ಎಂಬಂತೆ ಕೇಳಿದರು.

‘ಯಾರದ್ದೂ ತಿರುಗಲ್ಲ.’

‘ಸರ್ಕಾರದೋರು ಇದನ್ನ ಆರ್ಡರಿನಲ್ಲಿ ಬರ್ದಿದಾರೆ!’

‘ನಾನು ಹೇಳಿದ್ದಕ್ಕೆ ಬರೆದರು.’

ಅವರು ಕತ್ತಿಯ ತುದಿಯಿಂದ ಬೆಂಕಿ ಕೆದಕಿದರು. ಅಳಿಯ ಸ್ಕೂಟರಿನ ಪಕ್ಕದಲ್ಲಿ ನಿಂತಿದ್ದ, ಮಗಳು ಬಾಗಿಲಲ್ಲಿ. ಚೀಲ ಪೂರ್ತಿ ಬೂದಿಯಾದ ಮೇಲೆ ಮಾವ ಕಣ್ಣು ಒರೆಸಿಕೊಂಡು ತಿರುಗಿದರು. ಅಭ್ಯಾಸದಂತೆ ಮಗಳ ಕಡೆ ನೋಡಿ ಬಾಯಿ ತೆರೆದರು, ಅಲ್ಲೇ ತಡೆದು, ಸ್ಕೂಟರಿನ ಕಡೆಗೆ ತಿರುಗಿದರು.

‘ಅಲ್ಲಿ ಎಂತ ಕಂಬದಂಗೆ ನಿಂತಿದ್ದೀಯ ಮಾರಾಯ? ಕೈ ತೊಳ್ಕಂಡು ಬಾ, ಊಟ ಮಾಡಾಣ.’ ಆಮೇಲೆ ನನ್ನನ್ನು ನೋಡಿ, ‘ಇವರಿಗೂ ಒಂದು ಎಲೆ ಹಾಕು ಮಗಾ’ ಎಂದರು. ‘ಊಟ ಸೇರ್ತದೋ ಇಲ್ವೋ, ಕೇಳು.’