ನಮ್ಮತ್ತೆಯ ಕಣ್ಣಲ್ಲಿ ಕೂತ ಬೀಬಿಸೋರಾ

ಹೊಸಿಯತ್ ಎಂಬ ನಮ್ಮತ್ತೆ ಯಾರನ್ನೂ ಕ್ಷಮಿಸಿದವರಲ್ಲ. ತಮ್ಮ ಮದುವೆಯ ಪಲಾವ್‌ಗೆ ಉಪ್ಪು ಜಾಸ್ತಿ ಹಾಕಿದ ಅಡುಗೆಯವನ ಮನೆ ಮುಂದೆ ಇವತ್ತಿಗೂ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ. ಅವನು ಸತ್ತು ಹನ್ನೊಂದು ವರ್ಷವಾಯಿತು. ಹೀಗಿರುವಾಗ ಬೀಬಿಸೋರಾ ಮಾಡಿದ್ದನ್ನು ಅವರು ಮರೆತುಬಿಡುತ್ತಾರೆ ಎಂದು ನಮ್ಮೂರು ಉರ್ಗುತ್‌ನಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ತಲೆ ಕೆಟ್ಟಿತ್ತು ಎಂದೇ ಹೇಳಬೇಕು.

ಅತ್ತೆಯ ಕೆಲಸ ಬಟ್ಟೆಯ ಮೇಲೆ ಚಿತ್ತಾರ ಬರೆಯುವುದು. ಹುಡುಗಿಗೆ ಮದುವೆ ಗೊತ್ತಾದರೆ ಸುಜಾನಿ ಬೇಕೇ ಬೇಕು, ಗೋಡೆ ತುಂಬುವಂಥ ಕಸೂತಿ ಬಟ್ಟೆ. ಬಿಳಿಯ ನಾಲ್ಕು ಪಟ್ಟಿಗಳನ್ನು ಸಡಿಲವಾಗಿ ಜೋಡಿಸಿ ಹೊಲಿದು ನೆಲದ ಮೇಲೆ ಹರಡುತ್ತಾರೆ. ಅತ್ತೆ ಮಂಡಿಯೂರಿ ಕೂತು, ಜೊಂಡಿನ ಲೇಖನಿಯನ್ನು ಕಪ್ಪು ಮಸಿಯಲ್ಲಿ ಅದ್ದಿ, ಅಳತೆಯಿಲ್ಲದೆ, ಅಚ್ಚಿಲ್ಲದೆ, ಒಂದೇ ಕೈಯಲ್ಲಿ ಹೂವು, ಬಳ್ಳಿ, ದಾಳಿಂಬೆ ಬರೆಯುತ್ತಾರೆ. ಆಮೇಲೆ ಹೊಲಿಗೆ ಬಿಚ್ಚಿ ಒಂದೊಂದು ಪಟ್ಟಿಯನ್ನು ಒಂದೊಂದು ಮನೆಯ ಹೆಂಗಸರಿಗೆ ಕಸೂತಿಗೆ ಕೊಡುವುದು. ಮತ್ತೆ ಜೋಡಿಸಿದಾಗ ಅರ್ಧ ಹೂವು ಕಡುಗೆಂಪಾಗಿ, ಇನ್ನರ್ಧ ತಿಳಿಗೆಂಪಾಗಿ ಬಂದರೂ ಯಾರೂ ಗೊಣಗುವುದಿಲ್ಲ. ಗೆರೆ ಮಾತ್ರ ಸರಿಯಿರಬೇಕು. ಮಸಿ ಒಮ್ಮೆ ಹತ್ತಿದರೆ ಯಾವ ಸಾಬೂನಿಗೂ ಹೋಗುವುದಿಲ್ಲ.

ಅವರಿಗೆ ಐವತ್ತೆಂಟು ತುಂಬಿದ ವರ್ಷ, ಏಪ್ರಿಕಾಟ್ ಒಣಹಾಕುವ ದಿನಗಳಲ್ಲಿ, ಬಲಗಣ್ಣಲ್ಲಿ ನೊಣವೊಂದು ಬಂದು ಕೂತಿತು. ಅತ್ತೆ ಕೈ ಬೀಸಿದರು, ಟವೆಲ್ ಬೀಸಿದರು, ಕೊನೆಗೆ ನನಗೇ ಬೈದರು. "ಕೆಲಿನ್, ಹಣ್ಣಿಗೆ ಬಟ್ಟೆ ಮುಚ್ಚೋಕೆ ನಿನಗೇನು ರೋಗ?" ನಾನು ಆ ಮನೆಯ ಸೊಸೆ, ಅವರ ಬಾಯಲ್ಲಿ ನನ್ನ ಹೆಸರೇ ಕೆಲಿನ್. ಅಲ್ಲಿ ನೊಣ ಇರಲಿಲ್ಲ. ಉಂಗುರದಂಥ ಒಂದು ಕಪ್ಪು, ಅದರ ಹಿಂದೆ ನಾಲ್ಕಾರು ಎಳೆ, ಒಂದಿಷ್ಟು ಪುಡಿ ಚುಕ್ಕೆ. ನೋಡಲು ಹೋದರೆ ಜಾರುತ್ತಿತ್ತು, ಬಿಟ್ಟರೆ ತೇಲಿಕೊಂಡು ಮತ್ತೆ ನಡುವಿಗೇ ಬರುತ್ತಿತ್ತು. ಬಿಳಿ ಬಟ್ಟೆ ಹಾಸಿದರಂತೂ ಅದಕ್ಕೆ ಹಬ್ಬ.

ಊರಿನ ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಚಿಕ್ಕಮ್ಮ ಎನ್ನುವಂತೆ ಖೋಲಾ ಎಂದು ಕರೆದು ಸಮಾಧಾನ ಹೇಳಿದ. "ವಯಸ್ಸಾಯ್ತು ಖೋಲಾ. ಕಣ್ಣೊಳಗೆ ಲೋಳೆ ಇರುತ್ತಲ್ಲ, ಅದು ಮುದುಡಿಕೊಂಡಿದೆ. ನಿಮಗೆ ಕಾಣ್ತಿರೋದು ಅದರ ನೆರಳು. ಭಯ ಏನಿಲ್ಲ. ಸ್ವಲ್ಪ ದಿನ ಹೋದರೆ ನಿಮ್ಮ ಮೆದುಳೇ ಅದನ್ನ ಮರೆತುಬಿಡುತ್ತೆ."

"ನನ್ನ ಮೆದುಳು ಯಾವುದನ್ನೂ ಮರೆಯಲ್ಲ ಮಗಾ," ಎಂದು ಅತ್ತೆ ಎದ್ದು ಬಂದರು.

ವಿಷಯ ತಿಳಿದದ್ದು ನನಗೆ ಮತ್ತು ಬೀಬಿಸೋರಾಗೆ ಮಾತ್ರ. ಬೀಬಿಸೋರಾ ಅತ್ತೆಯ ಶಿಷ್ಯೆ, ಅವರನ್ನು ಓಪಾ, ಅಂದರೆ ಅಕ್ಕ, ಎಂದೇ ಕರೆಯುವವಳು. ಹದಿನಾಲ್ಕು ವರ್ಷ ನಮ್ಮ ಮನೆಯ ಚಹಾ ಕುಡಿದು ಲೇಖನಿ ಹಿಡಿಯುವುದನ್ನು ಕಲಿತವಳು. ರೊಟ್ಟಿ ಸುಡುವ ಸನೋಬರ್ ತನ್ನ ಮಗಳ ಸುಜಾನಿ ಬರೆಸಿದ ದಿನ, ಅವಳೇ ಎದುರಿಗೆ ಕೂತು ಬಟ್ಟೆಯ ಅಂಚು ಹಿಡಿದಿದ್ದಳು. ಎರಡು ಹೂಗಳ ನಡುವಿನ ಬಿಳಿ ಜಾಗದಲ್ಲಿ ಲೇಖನಿಯಿಂದ ಒಂದು ಹನಿ ಬಿತ್ತು. ಅತ್ತೆಗೆ ಅದು ಕಂಡಿತು, ಆದರೆ ಕಣ್ಣೊಳಗಿನದೇ ಇರಬೇಕೆಂದು ರೆಪ್ಪೆ ಬಡಿದು ಮುಂದಕ್ಕೆ ಹೋದರು. ಬೀಬಿಸೋರಾ ತುಟಿ ಬಿಚ್ಚಲಿಲ್ಲ. ಅಲ್ಲೇ ಒಂದು ಮಾತು ಹೇಳಿದ್ದರೆ ಹನಿಯ ಸುತ್ತ ಮೊಗ್ಗೊಂದನ್ನು ಬರೆದು ಮುಗಿಸಬಹುದಿತ್ತು. ಕಸೂತಿಯವರು ಕಪ್ಪು ನೂಲು ತುಂಬುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪಟ್ಟಿ ಬಿಚ್ಚಿದಾಗ ಸನೋಬರ್ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡರು. ಮದುಮಗಳ ಬಟ್ಟೆಗೆ ಕಪ್ಪು ಕಲೆ! ಆ ಕಲೆಯ ಮೇಲೆ ಚಿಕ್ಕದೊಂದು ಕಾಗದ ಇತ್ತಂತೆ, ಹಸಿ ಮಸಿ ಪಕ್ಕದ ಮಡಿಕೆಗೆ ಹತ್ತದಿರಲೆಂದು ಇಟ್ಟದ್ದು. ಬಟ್ಟೆ ಮಡಚಿದವಳು ಬೀಬಿಸೋರಾ. ಕಾಗದದ ಸುದ್ದಿ ಕೇಳಿದ ಕೂಡಲೇ ಅತ್ತೆಗೆ ಎಲ್ಲ ಅರ್ಥವಾಯಿತು.

ಅಷ್ಟು ಹೊತ್ತಿಗೆ ಅವಳು ಬಜಾರಿನಲ್ಲಿ ಉಪ್ಪು ಖಾರ ಹಚ್ಚಿ ಹೇಳುತ್ತ ತಿರುಗಿದ್ದಳು. "ಪಾಪ, ಓಪಾಗೆ ಕಣ್ಣು ಹೋಯ್ತು. ಇಲ್ಲದ ನೊಣ ಹೊಡೀತಾರೆ, ಇರೋ ಮಸಿ ಕಾಣಲ್ಲ." ಅಲ್ಲಿಗೆ ನಮ್ಮ ಮನೆಗೆ ಬಟ್ಟೆ ಬರುವುದು ನಿಂತಿತು. ಎಲ್ಲ ಅವಳ ಮನೆಗೆ ಹೋಯಿತು.

ಅತ್ತೆ ಕಣ್ಣಿನ ಉಂಗುರಕ್ಕೆ ಬೀಬಿಸೋರಾ ಎಂದು ಹೆಸರಿಟ್ಟರು. "ನೋಡು, ಬೀಬಿಸೋರಾ ಸಕ್ಕರೆ ಡಬ್ಬಿ ಮೇಲೆ ಕೂತಿದ್ದಾಳೆ." "ಬಂದಳು ನೋಡು, ನನ್ನ ಬಟ್ಟಲಲ್ಲಿ ಈಜೋಕೆ." ಮೊದಮೊದಲು ನನಗೆ ನಗು ಬರುತ್ತಿತ್ತು. ವರ್ಷ ಕಳೆದ ಮೇಲೂ ಅವರು ಬೆಳಗಾಗೆದ್ದು ಖಾಲಿ ಗೋಡೆಗೆ ಶಾಪ ಹಾಕುವುದನ್ನು ಕಂಡು ನಗು ನಿಂತುಹೋಯಿತು.

ಇಂಥ ಉಂಗುರವನ್ನು ಲೇಸರ್‌ನಲ್ಲಿ ಒಡೆಯುತ್ತಾರೆ ಎಂದು ನಾನೇ ಫೋನಿನಲ್ಲಿ ಓದಿ ಹೇಳಿದೆ. ಮರುವಾರವೇ ಬಾಡಿಗೆ ಕಾರಿನಲ್ಲಿ ಸಮರ್‌ಕಂದ್‌ಗೆ ಹೋದೆವು. ಅಲ್ಲಿದ್ದವಳು ಎಳೆ ವಯಸ್ಸಿನ ಡಾಕ್ಟರು. ಕಣ್ಣಿಗೆ ಹನಿ ಬಿಟ್ಟು ಕೂರಿಸಿ, ತುಂಬ ಹೊತ್ತು ನೋಡಿದಳು.

"ಖೋಲಾ, ನೀವು ಹೇಳೋ ಉಂಗುರ ಕಾಣ್ತಿದೆ. ನಡುವೆ ತೇಲ್ತಿದೆ, ಹೊಡೀಬಹುದು. ಹಿಂದಿರೋ ಎಳೆಗಳು ಮಾತ್ರ ಕಣ್ಣಿನ ಪರದೆಗೆ ತೀರಾ ಹತ್ತಿರ. ಅಲ್ಲಿಗೆ ಲೇಸರ್ ಬಿಟ್ಟರೆ ಪರದೆಗೇ ಪೆಟ್ಟಾಗುತ್ತೆ. ಅವನ್ನ ನಾನು ಮುಟ್ಟಲ್ಲ."

"ಬೀಬಿಸೋರಾ ಸಾಯ್ತಾಳೋ ಇಲ್ವೋ, ಅಷ್ಟು ಹೇಳು."

ಡಾಕ್ಟರು ಗಾಬರಿಯಾಗಿ ನನ್ನ ಮುಖ ನೋಡಿದಳು. "ಉಂಗುರದ ಹೆಸರು," ಎಂದೆ.

"ಸಾಯಲ್ಲ ಖೋಲಾ, ಪುಡಿಯಾಗ್ತಾಳೆ."

"ಅದು ಇನ್ನೂ ಒಳ್ಳೇದು. ಹೊಡಿ."

ಗದ್ದವನ್ನು ಯಂತ್ರದ ಕಟ್ಟೆಗೆ ಆನಿಸಿ, ಕಣ್ಣಿನ ಮೇಲೆ ಅಂಟು ಸವರಿದ ಗಾಜೊಂದನ್ನು ಒತ್ತಿ ಹಿಡಿದು, ಡಾಕ್ಟರು ಟಕ್ ಟಕ್ ಎಂದು ಹೊಡೆಯತೊಡಗಿದಳು. ಪ್ರತಿ ಏಟಿಗೂ ಅತ್ತೆಗೆ ಕಪ್ಪು ಗುಳ್ಳೆಗಳು ಉದುರುವುದು ಕಾಣುತ್ತಿತ್ತಂತೆ. "ಹಾಂ! ಇನ್ನೊಂದು ಕೊಡು! ಸೊಂಟಕ್ಕೆ ಕೊಡು!" ಎನ್ನುತ್ತಿದ್ದರು. "ಖೋಲಾ, ನಗಬೇಡಿ, ಕಣ್ಣು ಅಲ್ಲಾಡುತ್ತೆ!" ಎಂದು ಡಾಕ್ಟರು ಬೈಯುತ್ತಿದ್ದಳು. ಹೊರಗೆ ಬಂದಾಗ ನಮ್ಮತ್ತೆಯ ಮುಖದಲ್ಲಿ ಮದುವಣಗಿತ್ತಿಯ ಕಳೆ.

ಉಂಗುರ ಹೋಯಿತು. ಎಳೆಗಳೂ ಪುಡಿ ಚುಕ್ಕೆಗಳೂ ಉಳಿದವು. ವಾಪಸು ಬರುವಾಗ ಕಾರಿನಲ್ಲಿ ನನ್ನ ಕೈ ಚಿವುಟಿ ಹೇಳಿದರು, "ಇನ್ನೂ ಉಳಿದಿದೆ ಅಂತ ಯಾರ ಹತ್ರನಾದ್ರೂ ಬಾಯಿ ಬಿಟ್ಟರೆ ನಿನ್ನ ನಾಲಿಗೆ ಕೀಳ್ತೀನಿ." ಅವರು ಹೇಳಿದ ಹಾಗೆಯೇ ಕೇಳಿದೆ. ನಮ್ಮತ್ತೆಯ ಕಣ್ಣು ಈಗ ಕನ್ನಡಿ ಎಂದು ಊರೆಲ್ಲ ಡಂಗುರ ಹೊಡೆದೆ. ಕೇಳಿದವರು ತಲೆಯಾಡಿಸಿದರು, ಬಟ್ಟೆ ಮಾತ್ರ ಯಾರೂ ತರಲಿಲ್ಲ.

ವಸಂತದಲ್ಲಿ ಬೀಬಿಸೋರಾಳ ಮಗಳು ನಿಗೀನಾಗೆ ಮದುವೆ ಗೊತ್ತಾಯಿತು. ನಮ್ಮ ಓಣಿಯಲ್ಲಿ ಹೆತ್ತ ತಾಯಿ ಮಗಳ ಸುಜಾನಿಗೆ ಮಸಿ ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಹುಡುಗಿ ತವರಿಗೇ ಮರಳುತ್ತಾಳೆ ಎನ್ನುತ್ತಾರೆ. ಲೇಖನಿ ಹಿಡಿಯುವವರು ಇರುವುದು ಇಬ್ಬರೇ. ಎರಡು ರೊಟ್ಟಿ ಹಿಡಿದುಕೊಂಡು ಬೀಬಿಸೋರಾ ನಮ್ಮ ಅಂಗಳಕ್ಕೆ ಬಂದಳು.

"ಓಪಾ, ನಿಗೀನಾದು ಬರೆದುಕೊಡಿ."

"ನನಗೆ ಕಣ್ಣು ಹೋಗಿದೆಯಲ್ಲ, ಬಜಾರಿನಲ್ಲಿ ಕೇಳಿದೆ."

"ಆದದ್ದು ಆಯ್ತು ಓಪಾ. ಹುಡುಗಿ ಮುಖ ನೋಡಿ."

"ಬರ್ತೀನಿ ಹೋಗು," ಎಂದರು ಅತ್ತೆ. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ದಿಗಿಲಾಯಿತು. ಅಡುಗೆಮನೆಯಲ್ಲಿ ಕೇಳಿದಾಗ ಹೇಳಿದರು, "ನಾಳೆ ಹೆಂಗಸರೆಲ್ಲ ಇರ್ತಾರೆ. ನಾನೇ ಒಂದು ಹನಿ ಬೀಳಿಸಿ, ಕಾಣದವಳ ಹಾಗೆ ಮುಂದಕ್ಕೆ ಹೋಗ್ತೀನಿ. ಅವಳು ಬಾಯಿ ಬಿಟ್ಟರೆ, ಅವತ್ತು ಯಾಕೆ ಬಿಡಲಿಲ್ಲ ಅಂತ ಕೇಳ್ತೀನಿ. ಬಿಡದಿದ್ದರೆ ಮಗಳ ಬಟ್ಟೆ ಕಲೆ ಹೊತ್ತುಕೊಂಡು ಮನೆಮನೆಗೆ ಹೋಗಲಿ." ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳಲಾರೆ.

ಮರುದಿನ ಬೀಬಿಸೋರಾಳ ಮನೆಯಲ್ಲಿ ಬಟ್ಟೆ ಹಾಸಿದರು. ಸುತ್ತ ಓಣಿಯ ಹೆಂಗಸರು, ಸನೋಬರ್ ಕೂಡ. ಬೀಬಿಸೋರಾ ಎದುರಿಗೆ ಕೈಕಟ್ಟಿ ಕೂತಳು. ಅತ್ತೆ ಮಧ್ಯಾಹ್ನದವರೆಗೆ ಬರೆದರು. ಅಂಥ ಗೆರೆಯನ್ನು ನಾನು ಮೊದಲು ನೋಡಿರಲಿಲ್ಲ. ಮೂರನೆಯ ಪಟ್ಟಿಯಲ್ಲಿ ಎರಡು ಹೂಗಳ ನಡುವೆ ಲೇಖನಿಯನ್ನು ಒಂದು ಕ್ಷಣ ಹಾಗೇ ಹಿಡಿದರು. ಹನಿ ಬಿತ್ತು. ರೆಪ್ಪೆ ಬಡಿದು ಮುಂದಿನ ಬಳ್ಳಿಗೆ ಹೋದರು.

ಬೀಬಿಸೋರಾಳ ಮುಖ ಬಿಳಿಚಿತು. ಬಳ್ಳಿಯ ಮೂರು ಎಲೆ ಮುಗಿಯುವವರೆಗೂ ತಡೆದುಕೊಂಡಳು. ಆಮೇಲೆ, "ಓಪಾ, ಮಸಿ ಬಿದ್ದಿದೆ," ಎಂದಳು.

ಅತ್ತೆ ಲೇಖನಿ ಕೆಳಗಿಟ್ಟರು. "ಕಾಣ್ತಾ?"

"ಕಾಣ್ತಿದೆ."

"ಸನೋಬರ್ ಮಗಳದು ಕಂಡಿತ್ತಾ?"

ಹೆಂಗಸರೆಲ್ಲ ಕತ್ತೆತ್ತಿದರು. ಸನೋಬರ್ ಕೈಯ ಬಟ್ಟಲು ಅಲ್ಲೇ ನಿಂತಿತು. ಬೀಬಿಸೋರಾ ತಲೆ ತಗ್ಗಿಸಿ, "ಕಂಡಿತ್ತು," ಎಂದಳು. "ಕಾಗದ ನಾನೇ ಇಟ್ಟೆ. ನಿಮ್ಮ ಕೆಲಸ ನನಗೆ ಬರಲಿ ಅಂತ ಸುಮ್ಮನಿದ್ದೆ."

ಅತ್ತೆ ಅಲ್ಲಿಗೆ ನಿಲ್ಲಿಸಬೇಕಿತ್ತು. ಒಂದೂಮುಕ್ಕಾಲು ವರ್ಷದ ಉರಿ, ನಿಲ್ಲಲಿಲ್ಲ. ಬಟ್ಟೆಯ ಮೇಲೆ ಬೆರಳು ಕುಕ್ಕಿ ಕೂಗಿದರು, "ಹಾಗಾದ್ರೆ ಪೂರ್ತಿ ಹೇಳು! ಒಂದು ಹನಿಗೆ ಯಾಕೆ ನಿಲ್ಲಿಸಿದೆ? ಪಕ್ಕದಲ್ಲಿ ಇನ್ನೊಂದು ಬಿದ್ದಿದೆಯಲ್ಲ, ಅದನ್ನ ಯಾರು ಹೇಳ್ತಾರೆ?"

ಬೆರಳಿನ ಕೆಳಗೆ ಬಟ್ಟೆ ಬೆಳ್ಳಗಿತ್ತು.

ಸನೋಬರ್ ಬಗ್ಗಿ ನೋಡಲು ಬಂದಳು. ಅತ್ತೆಯ ಮುಖ ನೋಡಿದೆ, ಕಂಡದ್ದು ಕಣ್ಣೊಳಗಿನ ಚುಕ್ಕೆ ಎಂದು ಅವರಿಗೂ ಗೊತ್ತಾಗಿತ್ತು. ಇನ್ನು ಈ ಊರಿನಲ್ಲಿ ಅವರ ಕೈಗೆ ಲೇಖನಿ ಕೊಡುವವರು ಯಾರೂ ಇಲ್ಲ ಎಂದುಕೊಂಡೆ.

ಸನೋಬರ್ ಬಗ್ಗುವಷ್ಟರಲ್ಲಿ ಬೀಬಿಸೋರಾ ಮುಂದಕ್ಕೆ ಬಾಗಿದಳು. ಬಟ್ಟಲಿನ ಅಂಚಿಗೆ ಒತ್ತಿ ಮಸಿ ಹತ್ತಿಸಿಕೊಂಡ ಅವಳ ಹೆಬ್ಬೆರಳು, ಮರುಗಳಿಗೆ ಅತ್ತೆಯ ಬೆರಳಿನ ಪಕ್ಕದಲ್ಲಿತ್ತು. ಅತ್ತೆಗೂ ಅವರ ಪಕ್ಕದಲ್ಲಿ ಕೂತ ನನಗೂ ಬಿಟ್ಟು ಬೇರೆ ಯಾರಿಗೂ ಅದು ಕಾಣಲಿಲ್ಲ. ಕೈ ತೆಗೆದಾಗ ಬಟ್ಟೆಯ ಮೇಲೆ ಎರಡನೆಯ ಚುಕ್ಕೆ, ಕರ್ರಗೆ, ಹಸಿಯಾಗಿ. ಮಗಳ ಬಟ್ಟೆಗೆ ತಾಯಿಯೇ ಇಟ್ಟ ಮಸಿ.

"ಹೌದು ಓಪಾ, ಇಲ್ಲೂ ಒಂದಿದೆ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ನನಗೇ ಕಾಣಲಿಲ್ಲ. ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚುರುಕು."

ಅತ್ತೆ ಎರಡೂ ಚುಕ್ಕೆಗಳ ಸುತ್ತ ಮೊಗ್ಗು ಬರೆದರು. ಗೆರೆ ಎಲ್ಲೂ ತಪ್ಪಲಿಲ್ಲ. ಏಳುವ ಮುಂಚೆಯೇ ಸನೋಬರ್ ತನ್ನ ಎರಡನೆಯ ಮಗಳ ಬಟ್ಟೆ ಯಾವತ್ತು ತರಲಿ ಎಂದು ಕೇಳಿದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ಗೋಡೆಗೆ ಒರಗಿ ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ಸಿಟ್ಟಿನಿಂದ.

"ಅವತ್ತು ಬಾಯಿ ಮುಚ್ಚಿಕೊಂಡಳು, ಬೈದೆ. ಒಂದೂಮುಕ್ಕಾಲು ವರ್ಷ ಹೊಟ್ಟೆ ತುಂಬ ಬೈದೆ," ಎಂದರು ಹಲ್ಲು ಕಡಿಯುತ್ತ. "ಇವತ್ತು ನನ್ನ ಮಾನ ಉಳಿಸಿಬಿಟ್ಟಳಲ್ಲೇ ಕೆಲಿನ್, ಇನ್ನು ನಾನು ಅವಳನ್ನ ಏನಂತ ಬೈಯಲಿ?"