ರುಕ್ಮಿಣಿ ಬಂದಿದ್ದಳು

ಸುಧಾ, ರುಕ್ಮಿಣಿ ನಿನ್ನನ್ನು ಕೈಬಿಡಲಿಲ್ಲ. ಅವಳನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದವಳು ನಾನು, ನಿನ್ನ ಅತ್ತೆ. ಏಳು ವರ್ಷ ಇದನ್ನು ಮುಚ್ಚಿಟ್ಟೆ.

ಶಾಲೆಯಲ್ಲಿ ಬಾಯೇ ಬಿಡದೆ, ಊಟದ ಡಬ್ಬಿಯನ್ನು ಹಾಗೆಯೇ ವಾಪಸ್ ತರುತ್ತಿದ್ದ ನಿನ್ನ ಮಗಳು ಮೀರಾಳನ್ನು ಶಾಲೆ ಬಿಡಿಸಿ ನೀನು ಮನೆಯಲ್ಲೇ ಕಲಿಸಲು ಹೊರಟಾಗ ಎಲ್ಲರೂ ನಕ್ಕರು — ನನ್ನ ಮಗನೂ. ಜೊತೆಗೆ ನಿಂತವಳು ರುಕ್ಮಿಣಿ ಒಬ್ಬಳೇ. ಸಿರುಮುಗೈಯ ನೇಕಾರರ ಮನೆಯ ಹೆಂಗಸು, ಮಾತಿನಲ್ಲಿ ಅರ್ಧ ತಮಿಳು. ಅವಳೂ ಮಗನಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಗುರುವಾರ ಗುರುವಾರ ಅವನನ್ನು ಕರೆದುಕೊಂಡು ಬಸ್ಸಿನಲ್ಲಿ ಅನ್ನೂರಿನ ನಮ್ಮ ಮನೆಗೆ ಬರುತ್ತಿದ್ದಳು. ಆ ದಿನ ಮೀರಾ ಮಾತಾಡುತ್ತಿದ್ದಳು, ಕೂಗಾಡುತ್ತಿದ್ದಳು. ನೀನು ಮುಂದಿನ ಗುರುವಾರದವರೆಗೆ ಬೇಕಾದ ಧೈರ್ಯ ತುಂಬಿಕೊಳ್ಳುತ್ತಿದ್ದೆ. ಅದು ನನಗೆ ಕಾಣುತ್ತಿತ್ತು — ತಿಳಿಯದೆ ಮಾಡಿದ್ದಲ್ಲ.

ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಬದುಕು ಸವೆಸಿದವಳು. ಹೊತ್ತಿಗೆ ಸರಿಯಾಗಿ ಕೆಲಸ ಆಗಬೇಕು, ಹಾಸಿಗೆಯಲ್ಲಿ ಸುಕ್ಕಿರಬಾರದು. ನಿಮ್ಮ ಪಾಠಕ್ಕೆ ಹೊತ್ತುಗೊತ್ತೇ ಇರಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಗಣಿತ, ನೆಲದ ತುಂಬ ರೇಷ್ಮೆ ನೂಲಿನ ತುಂಡು. ಒಮ್ಮೆ ರುಕ್ಮಿಣಿ, “ನಿಮ್ಮನೇಲಿ ಕಾಗೆ ಕೂಡ ಟೈಮ್ ನೋಡ್ಕಂಡೇ ಕೂಗೋದಾ ಅಮ್ಮಾ?” ಎಂದಳು. ನೀನು ನಕ್ಕೆ. ಈ ಮನೆಗೆ ಬಂದ ಮೇಲೆ ನೀನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಚುಚ್ಚಿತು.

ಮುಂದಿನ ಗುರುವಾರ ನೀನು ಮೀರಾಳನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಿದ್ದೆ. “ತಡ ಆದ್ರೆ ಅವರನ್ನ ಕೂರ್ಸಿರಿ ಅತ್ತೆ” ಎಂದು ಹೇಳಿಯೇ ಹೋಗಿದ್ದೆ. ರುಕ್ಮಿಣಿ ಬಂದಳು. ನಾನು ಗೇಟು ತೆರೆಯಲಿಲ್ಲ.

“ಇನ್ಮೇಲೆ ಬರ್ಬೇಡಮ್ಮ. ಸುಧಾಗೆ ಇದೆಲ್ಲ ಸಾಕಾಗ್ಬಿಟ್ಟಿದೆ. ಮುಖ ನೋಡಿ ಹೇಳಕ್ಕೆ ಅವಳಿಗೆ ಸಂಕೋಚ.”

“ನಾ ಏನಾದ್ರೂ ತಪ್ಪಾ ಪೇಸಿಬಿಟ್ನಾ, ಮಾತಾಡ್ಬಿಟ್ನಾ ಅಮ್ಮಾ?”

ನಾನು ಗೇಟಿನ ಚಿಲಕ ಭದ್ರ ಮಾಡಿದೆ. ಅವಳು ಮಗನ ಕೈ ಹಿಡಿದು ಬಸ್ ಸ್ಟಾಪಿನ ಕಡೆ ತಿರುಗಿದಳು.

ನೀನು ಬಂದು ಕೇಳಿದಾಗ “ಯಾರೂ ಬರ್ಲಿಲ್ಲ” ಎಂದೆ. ನೀನು ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಮತ್ತೆ ಮಾಡಿದಾಗ “ಪರವಾಯಿಲ್ಲ ಬಿಡಿ” ಎಂದಷ್ಟೇ ಹೇಳಿ ಇಟ್ಟಳು. ಅವಳ ಮಗ ನಿಧಾನವಾಗಿ ಓದುತ್ತಾನೆಂದು ನೀನು ಎಂದೋ ಆಡಿದ ಮಾತೇ ಕಾರಣವಿರಬೇಕೆಂದು ನಿನ್ನನ್ನೇ ನೀನು ಬೈದುಕೊಂಡೆ. ನನ್ನೆದುರಿಗೇ — ನಾನು ಅಕ್ಕಿ ಆರಿಸುತ್ತ ಕೂತಿದ್ದೆ.

ಆಮೇಲೆ ನೀನು ಕುಗ್ಗುತ್ತಲೇ ಹೋದೆ. ಪಾಠವನ್ನು ನಡುವೆ ನಿಲ್ಲಿಸಿ ಗೋಡೆ ನೋಡುತ್ತಿದ್ದೆ. ಜೂನ್‌ನಲ್ಲಿ ಮೀರಾಳನ್ನು ಮತ್ತೆ ಶಾಲೆಗೆ ಸೇರಿಸಿದೆವು. ಯೂನಿಫಾರ್ಮ್ ಇಸ್ತ್ರಿ ಮಾಡಿದವಳು ನಾನೇ. ಗೆದ್ದೆ ಅಂದುಕೊಂಡೆ — ಹೌದು, ಹಾಗೇ ಅಂದುಕೊಂಡೆ.

ಈಗ ಮೀರಾ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುತ್ತಾಳೆ. ಕೇಳಿದ್ದಕ್ಕಷ್ಟೇ ಉತ್ತರ. ಮೊನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನೀರು ಕುಡೀಲಾ ಅಜ್ಜಿ?” ಎಂದು ಅಪ್ಪಣೆ ಕೇಳಿದಳು. ತನ್ನ ಮನೆಯಲ್ಲಿ, ನೀರಿಗೆ —

ಮರುದಿನ ಗಾಂಧಿಪುರಂ ಪೇಟೆಗೆ ಎಂದು ನಿನಗೆ ಸುಳ್ಳು ಹೇಳಿ ಸಿರುಮುಗೈಗೆ ಹೋದೆ. ರುಕ್ಮಿಣಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

“ನಾನೂ ಆ ವರ್ಷವೇ ಮಗನ್ನ ಸ್ಕೂಲಿಗೆ ಹಾಕ್ಬಿಟ್ಟೆನಮ್ಮಾ. ತನಿಯಾ, ಒಬ್ಬಳೇ ನನ್ನಿಂದ ಆಗ್ಲಿಲ್ಲ. ಒಂಬತ್ತನೇ ಕ್ಲಾಸಿಗೇ ಬಿಟ್ಟ. ಈಗ ತಿರುಪ್ಪೂರಲ್ಲಿ ಬನಿಯನ್ ಕಂಪನಿಗೆ ಹೋಗ್ತಾನೆ.”

ಅವಳಿಗೂ ನಿನ್ನಿಂದಲೇ ಧೈರ್ಯ ಬರುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಕ್ಷಮಿಸು ಎನ್ನುವುದಿಲ್ಲ. ಈ ಪತ್ರವನ್ನು ಮೇಜಿನ ಮೇಲಿಟ್ಟು ಸರಿದುಹೋಗುವುದೂ ಇಲ್ಲ. ನಿನ್ನ ಕೈಗೇ ಕೊಟ್ಟು, ನೀನು ಓದಿ ತಲೆಯೆತ್ತುವವರೆಗೆ ಎದುರಿಗೇ ನಿಂತಿರುತ್ತೇನೆ.