ರುಚಿಯಿಲ್ಲದ ನೀರು

ಗೆಳೆಯರೇ, ಇನ್ನೂ ಮೈ ಉರಿಯುತ್ತಿದೆ. ಇವತ್ತು ರಾಯಚೂರಿನಲ್ಲಿ ಪ್ರೌಢಶಾಲೆಯ ವಿಜ್ಞಾನ ಪಠ್ಯ ಪರಿಶೀಲಿಸುವ ಸಭೆ. ಮಾನ್ವಿ ಕಡೆ ನಾನು ವಿಜ್ಞಾನ ಕಲಿಸುವ ಶಾಲೆಯ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದೆ.

"ನಮ್ಮ ಮಕ್ಕಳು ಕುಡಿಯೋ ನೀರು ಸವಳ ಅದರೀ ಸರ್, ಬಾಯಾಗ ಇಟ್ರ ಬರೀ ಉಪ್ಪು. ಊರಿನ ನೀರು ಪರೀಕ್ಷೆ ಮಾಡೋದು ಒಂದು ಪಾಠ ಇರ್ಲಿ," ಎಂದೆ.

ಸಭೆ ನಡೆಸುತ್ತಿದ್ದ ತಜ್ಞರು ನಕ್ಕರು. "ಮೇಡಂ, ನೀರಿಗೆ ಬಣ್ಣ, ವಾಸನಿ, ರುಚಿ ಇಲ್ಲಂತ ಪುಸ್ತಕದಾಗ ಅದ. ಮಕ್ಕಳು ಅಷ್ಟು ಬರದ್ರ ಸಾಕು ಬಿಡ್ರಿ."

"ಹಂಗಾದ್ರ ಇದನ್ನ ಒಂದು ಗುಟುಕು ಕುಡೀರಿ ಸರ್," ಎಂದು ಬಾಟಲಿಯನ್ನು ಅವರ ಮುಂದಿಟ್ಟೆ.

ಅವರು ಅದನ್ನು ಮೊಣಕೈಯಿಂದ ಸರಿಸಿ, ಮೇಜಿನ ಮೇಲಿದ್ದ ಸೀಲು ಹಾಕಿದ ನೀರಿನ ಬಾಟಲಿ ತೆರೆದು ಗಟಗಟ ಕುಡಿದರು. "ಮುಂದಿನ ಪಾಠ ತಗೀರಿ," ಎಂದರು.

ಆ ವಾಕ್ಯ ಪುಸ್ತಕದಲ್ಲಿ ಹಾಗೇ ಉಳಿಯಿತು. ನಿಜವೇ ಬಿಡಿ, ಸಭೆಗೆ ತರಿಸುವ ನೀರಿಗೆ ರುಚಿಯಿಲ್ಲ.